ಕೂರಲು ಬಾರದ ಗುಂಪಿನಕ್ಕ

"ಅಮ್ಮಾ, ಗುಂಪಿನಕ್ಕಂಗೆ ಕೂತ್ಕೊಳ್ಳೋಕೆ ಬರಲ್ವಾ?"

ಶುಕ್ರವಾರ ಬೆಳಿಗ್ಗೆ ಕೂದಲು ಬಾಚಿಸಿಕೊಳ್ಳುತ್ತಾ ಚಿನಕುರುಳಿ ಕೇಳಿದ ಪ್ರಶ್ನೆ ಇದು. ಐದು ತುಂಬಿದ ಹುಡುಗಿ. ನಿದ್ದೆಯಲ್ಲಿ ಬಿಟ್ಟರೆ ಬಾಯಿ ಮುಚ್ಚಿದ್ದನ್ನು ಮನೆಯಲ್ಲಿ ಯಾರೂ ಕಂಡವರಿಲ್ಲ, ಅದಕ್ಕೇ ಆ ಹೆಸರು. ಅಮ್ಮ ಹಲ್ಲಲ್ಲಿ ಕಚ್ಚಿಕೊಂಡಿದ್ದ ರಬ್ಬರ್ ಬ್ಯಾಂಡ್ ತೆಗೆದು, "ಬರದೆ ಏನೇ? ಕೂರೋದು ಯಾರಿಗೆ ಬರಲ್ಲ?" ಅಂದಳು.

"ಮತ್ತೆ ಯಾಕೆ ಕೂರಲ್ಲ? ಅವರ ಕುರ್ಚಿ ಮೇಲೆ ನಾನು ಪ್ರತಿ ಸಲ ಗೊಂಬೆ ಮಲಗಿಸ್ತೀನಿ. ಒಂದಿನಾನೂ ಎತ್ತು ಅಂದಿಲ್ಲ."

ಬಾಚಣಿಗೆ ಅರ್ಧದಲ್ಲಿ ನಿಂತಿತು. ಏಳು ತಿಂಗಳಿಂದ ಗುರುವಾರ ತಪ್ಪಿಸದೆ ಮಗಳ ಜೊತೆ ಗುಂಪು ಸೇರುವ ಕೋಣೆಗೆ ಹೋಗುತ್ತಿದ್ದರೂ ಆ ಕುರ್ಚಿ ಗೊಂಬೆಯ ಹಾಸಿಗೆಯಾಗಿದ್ದು ಅಮ್ಮನ ಕಣ್ಣಿಗೆ ಬಿದ್ದಿರಲಿಲ್ಲ. ಒಳಗಿನಿಂದ ಟಣ್, ಟಣ್, ಟಣ್ ಅಂತ ಚಮಚದ ಸದ್ದು ಬಂತು. ಪಾರ್ಶ್ವವಾಯು ಬಡಿದ ಮೇಲೆ ಅತ್ತೆಗೆ ಮಾತು ಹೋಗಿತ್ತು. ಲೋಟಕ್ಕೆ ಎರಡು ಸಲ ಬಡಿದರೆ ನೀರು, ಮೂರು ಸಲ ಬಡಿದರೆ ಬಚ್ಚಲು. ಅಮ್ಮ ಒಂದೇ ಕಡೆ ಜಡೆ ಹಾಕಿದ ಮಗಳನ್ನು ಹಾಗೇ ಬಿಟ್ಟು ಒಳಗೆ ಓಡಿದಳು. ಪ್ರಶ್ನೆ ಮಾತ್ರ ಬೆನ್ನ ಹಿಂದೆಯೇ ಬಂತು. ಏಕೆಂದರೆ ಮೂರು ವಾರಗಳಿಂದ ಅವಳ ಮನಸ್ಸಿಗೆ ಸಮಾಧಾನವಿರಲಿಲ್ಲ. ಆ ಕೋಣೆಯಲ್ಲಿ ಏನೋ ಕೆಟ್ಟಿತ್ತು. ಏನೆಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಗುಂಪಿನಕ್ಕ ಅಂದರೆ ಆರೋಗ್ಯ ಕೇಂದ್ರದ ಸಮಾಜ ಕಾರ್ಯಕರ್ತೆ. ಮೂವತ್ತಾರೋ ಮೂವತ್ತೇಳೋ ವಯಸ್ಸು, ತೆಳ್ಳಗಿನ ಆಳು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವ ಹೆಂಗಸರ ಗುಂಪು ನಡೆಸುವುದು ಆಕೆಯ ಕೆಲಸ. ಮೊದಲ ದಿನ ಬಂದವಳು ಎರಡನೇ ಮಹಡಿಯ ಕೊನೆಯ ಕೋಣೆಯನ್ನು ನೋಡಿದಳು. ಮೊದಲು ಎಕ್ಸ್‌ರೇ ಹಾಳೆ ತುಂಬಿಡುತ್ತಿದ್ದ ಕೋಣೆ, ಆ ಔಷಧಿ ವಾಸನೆ ಗೋಡೆ ಬಿಟ್ಟಿರಲಿಲ್ಲ. ನಡುವೆ ಒಂದು ಕಬ್ಬಿಣದ ಮೇಜು. "ಇದು ಯಾಕಿಲ್ಲಿ?" ಅಂತ ಕೇಳಿದಳಂತೆ. "ಸಾಹೇಬ್ರು ಬಂದ್ರೆ ಕೂರೋಕೆ" ಅಂದನಂತೆ ಜವಾನ. "ಬಂದಿದ್ದಾರಾ?" "ಇಲ್ಲ." ಆಕೆ ಚೀಲ ಕೆಳಗಿಟ್ಟು ಮೇಜನ್ನು ಒಬ್ಬಳೇ ದರದರ ಎಳೆದು ಹೊರಗೆ ಹಾಕಿದಳು. ನೆಲದ ಮೇಲೆ ಅದರ ಕಾಲು ಗೀರಿದ ಗೆರೆ ಈಗಲೂ ಇದೆ. ಮೇಜು ಹೊರಗೇ ಇದೆ, ಗುಡಿಸುವವರು ಅದರ ಮೇಲೆ ಊಟದ ಡಬ್ಬಿ ಇಡುತ್ತಾರೆ. ಒಳಗೆ ಕುರ್ಚಿಗಳು ದುಂಡಗೆ ಕೂತವು.

ಹೆಸರು ಬಂದ ಕತೆಯೂ ಹಾಗೇ. "ನನ್ನ ಮೇಡಂ ಅನ್ಬೇಡಿ" ಅಂದಳು. ಮರೆವಿನ ಕಾಯಿಲೆಯ ಗಂಡನನ್ನು ನೋಡಿಕೊಳ್ಳುವ ನಿವೃತ್ತ ಟೀಚರಮ್ಮನಿಗೆ ಇದು ಇಕ್ಕಟ್ಟಾಯಿತು. "ಹೆಸರು ಹಿಡಿದು ಕರೆಯೋಕೆ ನಾಲಿಗೆ ಹೊರಳಲ್ಲಮ್ಮ. ಅಕ್ಕ ಅನ್ನೋಣ ಅಂದ್ರೆ ನಿಂಗೆ ನನ್ನ ಮಗಳ ವಯಸ್ಸು." ಆಗ ಬಸ್ ಕಂಡಕ್ಟರ್ ಕೆಲಸ ಮಾಡುತ್ತಾ ತಂದೆಯನ್ನು ನೋಡಿಕೊಳ್ಳುವ ಗಟ್ಟಿ ಗಂಟಲಿನ ಹೆಂಗಸು ತೀರ್ಪು ಕೊಟ್ಟಳು: "ಗುಂಪಿನಕ್ಕ ಅಂದ್ಬಿಡಿ ಸಾಕು. ಚಿಕ್ಕೋರು ದೊಡ್ಡೋರು ಎಲ್ಲಾರ್ಗೂ ಒಂದೇ ಟಿಕೆಟ್."

ಕಚೇರಿಯವರು ಆಕೆಯ ಕೈಗೆ ಒಂದು ಪುಸ್ತಿಕೆ ಕೊಟ್ಟಿದ್ದರು: 'ತಾಳ್ಮೆ ತರಬೇತಿ, ಹತ್ತು ವಾರ'. ಸಿಟ್ಟು ಬಂದಾಗ ಉಸಿರು ಎಳೆದುಕೊಳ್ಳಿ, ರೋಗಿಯ ಮುಂದೆ ಮುಗುಳ್ನಗಿ, ಹೀಗೆ. ಗುಂಪಿನಕ್ಕ ಮೊದಲ ಪುಟವನ್ನು ಎಲ್ಲರಿಗೂ ಓದಿ ಹೇಳಿದಳು. ಆಮೇಲೆ ಅದನ್ನು ನಾಲ್ಕಾಗಿ ಮಡಿಸಿ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಯ ಸಂದಿಗೆ ತುರುಕಿ, ಬೋರ್ಡಿನ ಹತ್ತಿರ ನಿಂತು ಕೇಳಿದಳು: "ನಿಮ್ಮ ನಿಮ್ಮ ಮನೇಲಿ ಗಟ್ಟಿ ಇರೋ ಕೈ ಎಷ್ಟಿವೆ? ಮಕ್ಕಳನ್ನ ಬಿಡಿ, ಕಾಯಿಲೆಯವರನ್ನ ಬಿಡಿ."

ಒಂಬತ್ತು ಹೆಂಗಸರು ಬೆರಳು ಮಡಿಸಿ ಎಣಿಸಿದರು. ತಮ್ಮ ಕೈ, ಗಂಡನ ಕೈ, ಮೈದುನನ ಕೈ, ಬೆಳೆದು ನಿಂತ ಗಂಡುಮಕ್ಕಳ ಕೈ. ಒಟ್ಟು ನಲವತ್ತಾರು. "ಇದರಲ್ಲಿ ರೋಗೀನ ಮಗ್ಗುಲಿಗೆ ಹೊರಳಿಸೋ ಕೈ ಎಷ್ಟು?" ಹದಿನೆಂಟು. ಆ ಹದಿನೆಂಟೂ ಅದೇ ಕೋಣೆಯಲ್ಲಿದ್ದವು.

ಟೀಚರಮ್ಮ ಕನ್ನಡಕ ತೆಗೆದು ಒರೆಸಿದರು. "ನಾನು ದಿನಾ ಅತ್ಕೊಂಡು, ನಂಗೆ ತಾಳ್ಮೆ ಸಾಲ್ದು ಅಂತ ನನ್ನನ್ನೇ ಬೈಕೊಳ್ತಿದ್ದೆ" ಅಂದರು.

"ಒಂದು ಮನೇಲಿ ಹೀಗಿದ್ರೆ ಅದು ನಿಮ್ಮ ತಾಳ್ಮೆ ವಿಷ್ಯ ಅನ್ನಬಹುದೇನೋ" ಅಂದಳು ಗುಂಪಿನಕ್ಕ. "ಒಂಬತ್ತಕ್ಕೆ ಒಂಬತ್ತು ಮನೇಲೂ ಹೀಗೇ ಇದ್ರೆ? ನಾನು ಓದಿದ ಸ್ತ್ರೀವಾದದ ಪುಸ್ತಕಗಳೆಲ್ಲ ಕೊನೆಗೆ ಕೇಳೋದು ಇದೊಂದನ್ನೇ."

"ಅಯ್ಯೋ, ಅಷ್ಟೇನಾ?" ಅಂದಳು ಕಂಡಕ್ಟರ್. "ಅದೇನೋ ಗಂಡಸರನ್ನ ಬೈಯೋ ಶಾಸ್ತ್ರ ಅಂದ್ಕೊಂಡಿದ್ದೆ."

"ಬೈಯೋದಕ್ಕೆ ನಿಂಗೆ ಪುಸ್ತಕ ಬೇಕಾ?"

ಕೋಣೆ ನಕ್ಕಿತು. ಆ ನಗುವಿನಿಂದಲೇ 'ಎತ್ತುವ ತರಗತಿ' ಹುಟ್ಟಿತು. ಒಂಬತ್ತು ಜನ ಕೂಡಿ ಕೇಂದ್ರದ ವೈದ್ಯರಿಗೆ ಅರ್ಜಿ ಬರೆದರು: ರೋಗಿಯನ್ನು ಎತ್ತುವುದು, ಹೊರಳಿಸುವುದು, ಕೂರಿಸುವುದು ಹೇಗೆಂದು ಭಾನುವಾರ ಕಲಿಸಬೇಕು, ಮನೆಯ ಗಂಡಸರಿಗೇ ಕಲಿಸಬೇಕು. ಚಿನಕುರುಳಿಯ ಅಪ್ಪನೂ ಹೋದ. ಮರಳು ತುಂಬಿದ ಬೊಂಬೆಯನ್ನು ಎತ್ತಲು ಹೋಗಿ ತಾನೇ ಅದರ ಮೇಲೆ ಬಿದ್ದು, ಮನೆಗೆ ಬಂದು ಎರಡು ದಿನ ಸೊಂಟ ಹಿಡಿದುಕೊಂಡಿದ್ದ. ಮೂರನೇ ದಿನ ತನ್ನ ತಾಯಿಯನ್ನು ತಾನೇ ಹೊರಳಿಸಿದ. ಅತ್ತೆ ಲೋಟಕ್ಕೆ ನಾಲ್ಕು ಸಲ ಬಡಿದರು. ನಾಲ್ಕಕ್ಕೆ ಅರ್ಥ ಅದುವರೆಗೂ ಇರಲಿಲ್ಲ.

ಇಷ್ಟೆಲ್ಲ ಮಾಡಿದ ಹೆಂಗಸು ಕೂರುತ್ತಿರಲಿಲ್ಲ, ಮಗು ಕಂಡದ್ದು ನಿಜ. ಯಾರೋ ಮಾತಾಡುತ್ತಿದ್ದರೆ ಬೋರ್ಡ್ ಒರೆಸುವುದು, ಕಿಟಕಿ ತೆಗೆಯುವುದು, ಹಾಕುವುದು, ಚಹಾ ಬಗ್ಗಿಸುವುದು, ತೊಳೆದ ಲೋಟವನ್ನೇ ಮತ್ತೆ ತೊಳೆಯುವುದು. ಎಲ್ಲರೂ ಅದನ್ನು ಚಟುವಟಿಕೆ ಅಂದುಕೊಂಡಿದ್ದರು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾಳೆ" ಅನ್ನುತ್ತಿದ್ದರು ಟೀಚರಮ್ಮ, ಪ್ರೀತಿಯಿಂದಲೇ.

ಗುಂಪಿಗೆ ಇನ್ನೊಂದು ಪದ್ಧತಿಯಿತ್ತು. ಗುಂಪು ನಡೆಸುವವಳೊಬ್ಬಳೇ ಎಲ್ಲವನ್ನೂ ಹಿಡಿದುಕೊಂಡರೆ, ಹೆಂಗಸು ಒಂದು ಮನೆಯಿಂದ ಎದ್ದು ಇನ್ನೊಂದು ಅಂಥದೇ ಮನೆಗೆ ಬಂದ ಹಾಗಾಗುತ್ತದೆ ಅನ್ನುವುದು ಗುಂಪಿನಕ್ಕನ ವಾದ. ಹಾಗಾಗಿ ಕೋಣೆಯ ಕೀ ಸರದಿಯ ಮೇಲೆ ಒಬ್ಬೊಬ್ಬರ ಮನೆಗೆ ಹೋಗುತ್ತಿತ್ತು. ಕಳೆದುಹೋಗದಿರಲೆಂದು ಅದನ್ನು ಒಂದು ಮರದ ಸೌಟಿಗೆ ಕಟ್ಟಿದ್ದರು. ಈ ವಾರ ಸೌಟು ಯಾರ ಮನೆಗೆ ಹೋಯಿತೋ ಮುಂದಿನ ಗುರುವಾರ ಅವರದು: ಬೇಗ ಬಂದು ಬಾಗಿಲು ತೆಗೆದು, ಕುರ್ಚಿ ಹಾಕಿ, ಮಾತು ಶುರು ಮಾಡಬೇಕು. ಏನು ಮಾತು, ಎಷ್ಟು ಹೊತ್ತು ಎಲ್ಲ ಅವರಿಷ್ಟ. ಕಂಡಕ್ಟರ್ ತನ್ನ ಸರದಿಯಲ್ಲಿ ಒಂದೂವರೆ ಗಂಟೆ ತನ್ನ ಅಣ್ಣನನ್ನು ಬೈದು, ಕೊನೆಗೆ ಅವನಿಗೆ ಬರೆಯಬೇಕಾದ ಕಾಗದವನ್ನು ಎಲ್ಲರ ಕೈಯಲ್ಲಿ ತಿದ್ದಿಸಿಕೊಂಡು ಹೋಗಿದ್ದಳು.

ಮೂರು ವಾರದ ಕೆಳಗೆ ಸೌಟು, ಅದುವರೆಗೆ ಸರದಿ ಬೇಡವೆನ್ನುತ್ತಿದ್ದ ಗುಂಡಿಯಮ್ಮನ ಕೈಯಲ್ಲಿತ್ತು.

ಗುಂಡಿಯಮ್ಮ ಅಂದರೆ ಸಿದ್ಧ ಉಡುಪಿನ ಕಾರ್ಖಾನೆಯಿಂದ ಅಂಗಿಗಳ ಗಂಟು ತಂದು ಮನೆಯಲ್ಲೇ ಗುಂಡಿ ಹೊಲಿಯುವವಳು. ನಲವತ್ತರ ಹೆಂಗಸು. ಕೆಲಸದಲ್ಲಿ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದ ಗಂಡನನ್ನು ನೋಡಿಕೊಳ್ಳುತ್ತಾಳೆ. ಏಳು ತಿಂಗಳಲ್ಲಿ ಆಕೆ ಆಡಿದ ಮಾತು ಒಂದು ಅಂಗಿಯ ಗುಂಡಿಗಿಂತ ಹೆಚ್ಚಿರಲಿಕ್ಕಿಲ್ಲ. ಅಂದು ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಾಕಿದ್ದಳು, ತೊಡೆಯ ಮೇಲೆ ಸೌಟು ಇಟ್ಟುಕೊಂಡು ಕೂತಿದ್ದಳು. ಕಾಡಿಗೆ ಹಚ್ಚಿ, ಒಳ್ಳೆಯ ಸೀರೆ ಉಟ್ಟಿದ್ದಳು. ಚಿನಕುರುಳಿಯ ಅಮ್ಮ ಆಕೆಯ ಎದುರಿಗೇ ಇದ್ದಳು.

ಎಲ್ಲರೂ ಕಾದರು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಸರಿಯಿತು. ಗುಂಡಿಯಮ್ಮನ ತುಟಿ ಒಂದು ಸಲ ಕೂಡಿ ಬಿಟ್ಟಿತು. ಆರು ನಿಮಿಷ. ಮತ್ತೊಂದು ಸಲ. ಕಂಡಕ್ಟರ್ ಕೆಮ್ಮಿದಳು. ಗುಂಪಿನಕ್ಕ ಕಿಟಕಿ ತೆಗೆದಳು, ಹಾಕಿದಳು, ಚಹಾದ ಫ್ಲಾಸ್ಕ್ ಮುಟ್ಟಿದಳು, ಬಿಟ್ಟಳು. ಏಳನೇ ನಿಮಿಷಕ್ಕೆ, "ನಿಮ್ಮ ಪರವಾಗಿ ಇವತ್ತೊಂದಿನ ನಾನೇ ಶುರು ಮಾಡ್ಲಾ?" ಅಂದವಳು ಉತ್ತರಕ್ಕೆ ಕಾಯಲಿಲ್ಲ. ಗುಂಡಿಯಮ್ಮನ ದಿನ ಹೇಗೆ ಶುರುವಾಗುತ್ತದೆ, ಗಂಡನಿಗೆ ಊಟ ಮಾಡಿಸುತ್ತಾ ಇನ್ನೊಂದು ಕೈಯಲ್ಲಿ ಹೇಗೆ ಅಂಗಿ ಮಡಿಸುತ್ತಾಳೆ, ಎಲ್ಲವನ್ನೂ ತಾನೇ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಟೀಚರಮ್ಮನ ಕಣ್ಣು ತುಂಬಿತು. ಕೊನೆಗೆ, "ಇವರ ತಾಳ್ಮೆ ದೊಡ್ಡದು" ಅಂದುಬಿಟ್ಟಳು.

ಕಿಟಕಿಯ ಸಂದಿಯಲ್ಲಿ ಮಡಿಸಿ ತುರುಕಿದ್ದ ಮಾತನ್ನು ತಾನೇ ಎಳೆದು ತಂದದ್ದು ಆಕೆಗೆ ತಿಳಿಯಲೇ ಇಲ್ಲ.

ಗುಂಡಿಯಮ್ಮ ಹೊರಡುವಾಗ ಸೌಟನ್ನು ತನ್ನ ಕುರ್ಚಿಯ ಮೇಲಿಟ್ಟು ಹೋದಳು. ಗುಂಪಿನಕ್ಕ ಅದನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಮುಂದಿನ ಗುರುವಾರ ಗುಂಡಿಯಮ್ಮ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ, ನಿನ್ನೆಯೂ ಇಲ್ಲ. ಬಾಗಿಲು ಮಾತ್ರ ಸರಿಯಾದ ಹೊತ್ತಿಗೆ ತೆರೆದಿರುತ್ತಿತ್ತು, ಕುರ್ಚಿಗಳು ಹಾಕಿರುತ್ತಿದ್ದವು. ಸರದಿ ಯಾರದು ಅಂತ ಯಾರೂ ಕೇಳಿರಲಿಲ್ಲ.

ಅತ್ತೆಯನ್ನು ಬಚ್ಚಲಿಂದ ಕರೆತಂದು ಮಲಗಿಸುವಾಗ ಚಿನಕುರುಳಿಯ ಅಮ್ಮನಿಗೆ ಇಷ್ಟೂ ಒಟ್ಟಿಗೆ ಹೊಳೆಯಿತು. ಕೀ ಮೂರು ವಾರದಿಂದ ಗುಂಪಿನಕ್ಕನ ಚೀಲ ಬಿಟ್ಟು ಬೇರೆಯವರ ಕೈಗೆ ಹೋಗಿಲ್ಲ. ಅವಳು ಮಗಳ ಇನ್ನೊಂದು ಜಡೆ ಹಾಕಿದಳು. ಗುಂಡಿ ಕಿತ್ತುಹೋದ ಮಗಳ ಎರಡು ಫ್ರಾಕು ಹುಡುಕಿದಳು. ಗುಂಡಿಯಮ್ಮನ ಮನೆಗೆ ಬರಿಗೈಯಲ್ಲಿ ಹೋದರೆ ವಿಚಾರಣೆಗೆ ಹೋದ ಹಾಗಿರುತ್ತೆ. ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ, "ಒಂದು ಗಂಟೆ ನಿಮ್ಮಮ್ಮನ ಹತ್ರ ಕೂತಿರಿ" ಅಂತ ಹೇಳಿ ಮಗಳ ಕೈ ಹಿಡಿದು ಹೊರಟಳು.

ಗುಂಡಿಯಮ್ಮನ ಮನೆ ಓಣಿಯ ಕೊನೆಗೆ. ಒಂದೇ ಕೋಣೆ. ಬಾಗಿಲ ಬೆಳಕಿಗೆ ಚಾಪೆ ಹಾಕಿ ಆಕೆ ಹೊಲಿಯುತ್ತಿದ್ದಳು. ಪಕ್ಕದಲ್ಲಿ ನೀಲಿ ಅಂಗಿಗಳ ಗುಡ್ಡ. ಗೋಡೆಗೊರಗಿ ಕೂತಿದ್ದ ಗಂಡ ಚಿನಕುರುಳಿಯನ್ನು ನೋಡಿ ನಕ್ಕ. ಆಕೆ ಫ್ರಾಕು ತೆಗೆದುಕೊಂಡು ಡಬ್ಬಿಯಲ್ಲಿ ಗುಂಡಿ ಹುಡುಕತೊಡಗಿದಳು.

"ಯಾಕೆ ಬರ್ಲಿಲ್ಲ ಅಕ್ಕ?" ಅಂದಳು ಚಿನಕುರುಳಿಯ ಅಮ್ಮ.

ಗುಂಡಿಯಮ್ಮ ಸೂಜಿಯನ್ನು ಬೆಳಕಿಗೆ ಹಿಡಿದಳು. ದಾರದ ತುದಿ ನಾಲಿಗೆಗೆ ಮುಟ್ಟಿಸಿದಳು. ಚಿನಕುರುಳಿ ಏನೋ ಹೇಳಲು ಬಾಯಿ ತೆರೆದಾಗ ಅಮ್ಮ ಅವಳ ಭುಜ ಒತ್ತಿದಳು. ದಾರ ಸೂಜಿಯ ಕಣ್ಣಿನೊಳಗೆ ಹೋಯಿತು, ಗಂಟು ಬಿತ್ತು, ಒಂದು ಗುಂಡಿ ಪೂರ್ತಿ ಕೂತಿತು. ಆಮೇಲೆ ಮಾತು ಬಂತು.

"ಅವತ್ತು ಹೇಳೋಣ ಅಂತ್ಲೇ ಬಂದಿದ್ದೆ. ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಗುಂಪಿನಕ್ಕ ಹೇಳಿಬಿಟ್ರು."

"ಏನು ಹೇಳೋದಿತ್ತು?"

ಮತ್ತೆ ಅರ್ಧ ಗುಂಡಿಯಷ್ಟು ಹೊತ್ತು. "ಬರೋ ಭಾನುವಾರದ ಆಚೆ ಭಾನುವಾರ ಮೈದುನಂದಿರು ಬರ್ತಾರೆ. ಇಬ್ರೂ. ನಾನು ಈ ಹೊಲಿಗೆ ಬಿಡ್ಬೇಕಂತೆ, ಇವರನ್ನ ನೋಡ್ಕೊಂಡು ಸುಮ್ನೆ ಇರ್ಬೇಕಂತೆ, ಅವರು ತಿಂಗ್ಳಾ ಏನೋ ಕಳಿಸ್ತಾರಂತೆ. ಅವತ್ತು 'ಆಯ್ತು' ಅನ್ನಿಸ್ಕೊಂಡು ಹೋಗೋಕೇ ಬರೋದು ಅವ್ರು." ಹಲ್ಲಿನಿಂದ ದಾರ ಕಡಿದಳು. "ಇದೊಂದೇ ನಂದು ಅಂತ ಇರೋದು. ಇದನ್ನ ಬಿಡಲ್ಲ ಅನ್ಬೇಕು. ನೀವೂ ತಿಂಗಳಿಗೆ ಒಂದು ವಾರ ಅಣ್ಣನ್ನ ಕರ್ಕೊಂಡ್ಹೋಗಿ ಇಟ್ಕೊಳ್ಳಿ ಅನ್ಬೇಕು. ಗಂಡಸರ ಮುಂದೆ ಅನ್ನೋಕೆ ಮೊದ್ಲು ನಿಮ್ಮೆದುರಿಗೆ ಒಂದ್ಸಲ ಅಂದು ನೋಡೋಣ ಅಂತಿತ್ತು. ನಿಮ್ಮೆದುರಿಗೇ ಬಾಯಿ ಬರ್ಲಿಲ್ಲ ಅಂದ್ಮೇಲೆ ಅವರೆದುರಿಗೆ ಎಲ್ಲಿ ಬರುತ್ತೆ?"

"ಬಂದಿತ್ತಲ್ಲ. ಇನ್ನೊಂದು ನಿಮಿಷ ಬಿಟ್ಟಿದ್ರೆ."

"ಅದೇ." ಆಕೆ ಫ್ರಾಕು ಮಡಿಸಿದಳು. "ಮನೇಲಿ ಮೈದುನ ನನ್ನ ಪರವಾಗಿ ಮಾತಾಡ್ತಾನೆ. ಆಸ್ಪತ್ರೇಲಿ ಡಾಕ್ಟ್ರು. ಅಲ್ಲಿ ಅಕ್ಕ. ಅಕ್ಕ ಅಂದಿದ್ದೆಲ್ಲ ಚೆಂದಾಗೇ ಇತ್ತಮ್ಮ. ನಂದಾಗಿರ್ಲಿಲ್ಲ. ಸೂಜಿಗೆ ದಾರ ಹಾಕೋವಾಗ ಪಕ್ಕದೋರು ಕೈ ಹಿಡಿದ್ರೆ ಹೇಗಿರುತ್ತೆ, ಹಾಗಿತ್ತು."

"ಈ ಗುರುವಾರ ಬರ್ತೀರಾ? ಭಾನುವಾರಕ್ಕೆ ಮುಂಚೆ ಇರೋದು ಅದೊಂದೇ."

"ನನ್ನ ಸರದಿ ಆಗೋಯ್ತಲ್ಲ."

"ಆಗಿಲ್ಲ ಅಂತೀನಿ ನಾನು."

ಗುಂಡಿಯಮ್ಮ ಮೊದಲ ಸಲ ಮುಖವೆತ್ತಿ ಅವಳನ್ನು ಪೂರ್ತಿಯಾಗಿ ನೋಡಿದಳು. "ಕೀ ಬಂದ್ರೆ ಬರ್ತೀನಿ" ಅಂದಳು. "ಕಾಯ್ತಾರೆ ಅಂತಾದ್ರೆ."

ಅಲ್ಲಿಂದ ಚಿನಕುರುಳಿಯ ಅಮ್ಮ ನೇರ ಆರೋಗ್ಯ ಕೇಂದ್ರದ ಕಡೆ ಕಾಲು ಹಾಕಿದಳು. ಮನೆಗೆ ಹೋದರೆ ಧೈರ್ಯ ಆರಿಹೋಗುತ್ತದೆ ಅಂತ ಗೊತ್ತಿತ್ತು. ಇಷ್ಟು ಮಾಡಿದ ಹೆಂಗಸಿಗೆ ಹೇಗೆ ಹೇಳುವುದು? ಆಕೆ ನೊಂದುಕೊಂಡರೆ? ಗುಂಪೇ ನಿಂತುಹೋದರೆ? ಮೆಟ್ಟಿಲು ಹತ್ತುವಾಗ ಮಗಳು ಕೈ ಜಗ್ಗಿದಳು. "ಅಮ್ಮಾ, ನನ್ನ ಕೈ ಹಿಂಡ್ತಿದೀಯ."

ಗುಂಪಿನಕ್ಕ ಖಾಲಿ ಕೋಣೆಯಲ್ಲಿ ಲೋಟ ತೊಳೆಯುತ್ತಿದ್ದಳು. ಶುಕ್ರವಾರ ಅಲ್ಲಿ ಯಾರೂ ಚಹಾ ಕುಡಿಯುವುದಿಲ್ಲ. "ಏನೇ, ಇವತ್ತು ದಾರಿ ತಪ್ಪಿ ಬಂದ್ಯಾ?" ಅಂತ ನಗುತ್ತಾ ತಿರುಗಿದವಳು ಅವಳ ಮುಖ ನೋಡಿ ನಗು ನಿಲ್ಲಿಸಿದಳು.

ಚಿನಕುರುಳಿಯ ಅಮ್ಮ ಸುತ್ತಿ ಬಳಸಲಿಲ್ಲ. ಗುಂಡಿಯಮ್ಮ ಹೇಳಿದ್ದನ್ನು ಹಾಗೆಯೇ ಹೇಳಿದಳು. ಮೈದುನಂದಿರ ಮಾತು, ಭಾನುವಾರ, ಏಳನೇ ನಿಮಿಷ. ಕೊನೆಗೆ ನೆಲ ನೋಡುತ್ತಾ, "ಅಕ್ಕ, ಕೀ ಮೂರು ವಾರದಿಂದ ನಿಮ್ಮ ಚೀಲದಲ್ಲೇ ಇದೆ" ಅಂದಳು.

ಗುಂಪಿನಕ್ಕ ಕಿಟಕಿಯ ಹತ್ತಿರ ಹೋದಳು. ಅಲ್ಲಿಂದ ಬೋರ್ಡಿನ ಹತ್ತಿರ. ಬೋರ್ಡಿನ ಮೇಲೆ ಏನೂ ಇರಲಿಲ್ಲ, ಆದರೂ ಒರೆಸಿದಳು. ಬಾಗಿಲ ತನಕ ಹೋಗಿ ಬಂದಳು. ಹೊರಟೇಬಿಡುತ್ತಾಳೇನೋ ಅನ್ನಿಸಿತು.

"ಏಳು ನಿಮಿಷ ಕಾದೆ ಅಂತ ನಾನು ವರದೀಲಿ ಬರೆದಿದೀನಿ" ಅಂದಳು. "ನೋಡು ನನ್ನ ಜಂಬ."

"ಬೇಜಾರಾಯ್ತಾ ಅಕ್ಕ?"

"ಆಗದೆ ಏನು? ಆಗ್ಲಿ ಬಿಡು. ಕುರ್ಚಿ ದುಂಡಗೆ ಹಾಕಿ ನಾನೊಬ್ಳು ನಿಂತೇ ಇದ್ರೆ, ಇನ್ನೇನಾಗುತ್ತೆ? ಆ ಕಬ್ಬಿಣದ ಮೇಜಿಗೂ ನಂಗೂ ಏನು ವ್ಯತ್ಯಾಸ?"

ಆಗ ಚಿನಕುರುಳಿ ತನ್ನ ಪ್ರಶ್ನೆಯನ್ನು ತಾನೇ ಕೇಳಿಬಿಟ್ಟಳು. "ಗುಂಪಿನಕ್ಕಾ, ನಿಮಗೆ ಕೂತ್ಕೊಳ್ಳೋಕೆ ಬರಲ್ವಾ?"

"ಸುಮ್ನಿರೇ" ಅಂದಳು ಅಮ್ಮ. ಗುಂಪಿನಕ್ಕ ಕೈಯಿಂದಲೇ ಅವಳನ್ನು ತಡೆದಳು.

"ಬರಲ್ಲ ಪುಟ್ಟಿ. ಯಾರೂ ಕಲಿಸ್ಲಿಲ್ಲ." ಆಮೇಲೆ ಮಗುವಿನ ಅಮ್ಮನ ಕಡೆ ತಿರುಗಿದಳು. "ನಮ್ಮಪ್ಪ ಬೈದ್ರೆ ನಮಗೆ ಭಯ ಇರ್ಲಿಲ್ಲ, ಗೊತ್ತಾ? ಮಾತು ನಿಲ್ಲಿಸಿದ್ರೆ ಭಯ. ಊಟಕ್ಕೆ ಕೂತು ಸುಮ್ಮನಾದ ಅಂದ್ರೆ ಇನ್ನೆರಡು ನಿಮಿಷಕ್ಕೆ ಅಮ್ಮನ ಮೇಲೆ ತಟ್ಟೆ ಬೀಳುತ್ತೆ ಅಂತ ಲೆಕ್ಕ. ನಾನು ಹಿರೀಮಗಳು. ಆ ಎರಡು ನಿಮಿಷದಲ್ಲಿ ಏನಾದ್ರೂ ಮಾಡ್ಬೇಕು. ಎದ್ದು ನೀರು ತರೋದು, ಪಾತ್ರೆ ಬೀಳಿಸೋದು, ಶಾಲೇಲಿ ನಡೀದೇ ಇರೋ ಕತೆ ಹೇಳಿ ನಗಿಸೋದು. ಎಷ್ಟೋ ಸಲ ತಟ್ಟೆ ತಪ್ಪಿಸಿದೀನಿ." ಆಕೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಈಗ್ಲೂ ಯಾರಾದ್ರೂ ಸುಮ್ಮನಾದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ. ಗುಂಡಿಯಮ್ಮ ಸುಮ್ಮನಿದ್ದಿದ್ದು ಮಾತು ಕೂಡಿಸ್ಕೊಳ್ಳೋಕೆ. ನಂಗೆ ಕಂಡಿದ್ದು ನಮ್ಮಪ್ಪ."

ಕೆಳಗೆ ಯಾರೋ ಆಂಬುಲೆನ್ಸಿನ ಬಾಗಿಲು ಹಾಕಿದ ಸದ್ದಾಯಿತು. ಗುಂಪಿನಕ್ಕ ಚೀಲದಲ್ಲಿ ಕೈಹಾಕಿ ತಡಕಾಡಿ ಮರದ ಸೌಟು ಹೊರಗೆ ತೆಗೆದಳು. ತುದಿಯಲ್ಲಿ ಕೀ ತೂಗಾಡುತ್ತಿತ್ತು. "ಹೋಗ್ತಾ ಅವರ ಮನೆಗೆ ಕೊಟ್ಟು ಹೋಗು. ತಪ್ಪು ನಂದು ಅಂತ ನಾನೇ ಹೇಳ್ತೀನಿ, ಗುರುವಾರ, ಎಲ್ಲಾರ ಎದುರಿಗೆ. ಎರಡೇ ಮಾತು. ಆಮೇಲೆ ಬಾಯಿ ಮುಚ್ಕೊಳ್ತೀನಿ."

ಹೇಳಿದ್ದೇನೋ ಸರಿ. ಆದರೆ ಹೇಳುತ್ತಲೇ ಆಕೆ ಮತ್ತೆ ಫ್ಲಾಸ್ಕ್ ಕಡೆ ಹೊರಟಿದ್ದಳು. ಚಿನಕುರುಳಿ ಓಡಿಹೋಗಿ, ಯಾವಾಗಲೂ ಗೊಂಬೆ ಮಲಗಿಸುವ ಕುರ್ಚಿಯನ್ನು ಎಳೆದು ತಂದಳು. ಗುಂಪಿನಕ್ಕ ಒಂದು ಕ್ಷಣ ಅದನ್ನು ನೋಡಿ, ಕೂತಳು. ಎರಡೂ ಅಂಗೈ ತೊಡೆಯ ಕೆಳಗೆ ಇಟ್ಟುಕೊಂಡಳು, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ. ಯಾರೂ ಮಾತಾಡಲಿಲ್ಲ. ಚಿನಕುರುಳಿ ಕೂಡ, ಅದೇನು ಕಂಡಳೋ, ಸುಮ್ಮನಿದ್ದಳು. ಗಡಿಯಾರದ ಮುಳ್ಳು ಒಂದು ನಿಮಿಷ ದಾಟಿತು, ಎರಡು ದಾಟಿತು. ಗುಂಪಿನಕ್ಕನ ಹಣೆಯ ಮೇಲೆ ಬೆವರು ಮೂಡಿತು.

"ಅಕ್ಕಾ, ನಿಮ್ಮ ಕಾಲು ಅಲ್ಲಾಡ್ತಿದೆ" ಅಂದಳು ಚಿನಕುರುಳಿ.

"ಗೊತ್ತು ಕಣೇ." ಆಕೆ ನಕ್ಕಳು, ಆದರೆ ಏಳಲಿಲ್ಲ. ಚಿನಕುರುಳಿಯ ಅಮ್ಮನ ಕಡೆ ನೋಡಿದಳು. ಏಳು ತಿಂಗಳಲ್ಲಿ ಆಕೆ ಯಾರನ್ನೂ ತನಗಾಗಿ ಏನನ್ನೂ ಕೇಳಿದ್ದಿಲ್ಲ. ಕೇಳುವುದು ಹೇಗೆಂದು ಹುಡುಕುತ್ತಿರುವ ಹಾಗೆ ಸ್ವಲ್ಪ ತಡೆದು ಹೇಳಿದಳು:

"ನಿನ್ನಿಂದ ಒಂದು ಉಪಕಾರ ಆಗ್ಬೇಕು. ಗುರುವಾರ ನನ್ನ ಪಕ್ಕಾನೇ ಕೂತ್ಕೋ. ನಾನು ಒಂದು ದಪ್ಪ ಶಾಲು ಹೊದ್ಕೊಂಡು ಬರ್ತೀನಿ. ಅದರ ತುದಿ ಮೇಲೆ ಕೂತುಬಿಡು. ಗುಂಡಿಯಮ್ಮ ಮಾತು ಮುಗಿಸೋವರೆಗೂ, ನಾನು ಎಷ್ಟು ಎಳೆದ್ರೂ, ನೀನು ಮಾತ್ರ ಏಳ್ಬೇಡ."